ಬೇಲಿಯೋ, ಬಯಲೋ?

"ಪಾಸ್ಟರ್, ಸಭೆಯ ಕಟ್ಟುಪಾಡು ಬೇಲಿ ಥರ ಅನ್ಸುತ್ತೆ" ಅಂತ ಕೆಲವರು ನನ್ನ ಹತ್ರ ಹೇಳ್ತೀರಿ.

ಕೇಳಿ. 1886ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿಗೆ ಹೆದರಿ ದಕ್ಷಿಣಕ್ಕೆ ಹೊರಟ ದನಗಳು ಮುಳ್ಳುತಂತಿ ಬೇಲಿಗೆ ಒತ್ತಿಕೊಂಡು ರಾಶಿರಾಶಿ ಸತ್ತವು. 1886-87ರ ಚಳಿಗಾಲದಲ್ಲಿ ಮೊಂಟಾನಾದ ಬೇಲಿಯಿಲ್ಲದ ಬಯಲಲ್ಲೂ ಸತ್ತವು. ಹುಲ್ಲು ಹಿಮದಡಿ ಹೋಗಿತ್ತು, ಮೇವು ಕೂಡಿಟ್ಟವರು ಕಡಿಮೆ. ಆಮೇಲೆ ದನ ಸಾಕುವವರು ಬೇಲಿಯನ್ನೂ ಹಾಕಿದ್ರು, ಒಣಹುಲ್ಲನ್ನೂ ಕೂಡಿಟ್ರು.

ಬರೀ ಬೇಲಿ ಉಳಿಸಲ್ಲ, ಬರೀ ಬಯಲೂ ಉಳಿಸಲ್ಲ. ಕಾಯೋರು ಬೇಕು. ಯೋಹಾನ 10ರಲ್ಲಿ ಯೇಸುಸ್ವಾಮಿ ತಾನೇ ಬಾಗಿಲು, ತಾನೇ ಕುರುಬ ಅಂದರು. ಬಾಗಿಲಿದ್ದರೆ ಹೊರಗೆ ಹೋಗಿ ಮೇಯಬಹುದು, ಒಳಗೆ ಬಂದು ಮಲಗಬಹುದು.

ಹಿರಿಯರೇ, ಮೇವು ಕೊಡದೆ ಬೇಲಿ ಮಾತ್ರ ಹಾಕಬೇಡಿ. ತಮ್ಮಾ, ತಂಗೀ, ಪಿಜಿಯಲ್ಲಿ ಒಂಟಿಯಾಗಿದ್ದೀಯಾ? ಬಿರುಗಾಳಿ ಬರೋ ಮುಂಚೆ, ಇವತ್ತೇ ಒಬ್ಬ ವಿಶ್ವಾಸಿಗೆ ಫೋನ್ ಮಾಡು. ಆಮೆನ್.