ಗುಳೆ ಹೋದವರ ತಲೆಗೆ ಮಾರಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಹೆಸರನ್ನು ಎಚ್‌ಐವಿ ಎಂಬ ಪದದ ಜತೆ ಕೂಡಿಸಿ ಹೇಳುವುದು ರೂಢಿಯಾಗುತ್ತಿದೆ. ಸೋಂಕಿತರು ಹೆಚ್ಚು ಪತ್ತೆಯಾಗುತ್ತಿದ್ದಾರಂತೆ. ಯಾಕೆ ಅಂತ ಕೇಳಿದರೆ ಉತ್ತರ ಸಿದ್ಧವಾಗಿದೆ: ‘ಗುಳೆ ಹೋಗೋರು ತರ್ತಾರೆ.’ ಸಭೆಯ ಮೈಕಿನಲ್ಲೂ ಇದೇ ಮಾತು, ಚಹಾದಂಗಡಿ ಬೆಂಚಿನ ಮೇಲೂ ಇದೇ ಮಾತು. ಇದು ಪೂರ್ತಿ ಸುಳ್ಳಾಗಿದ್ದರೆ ಎದುರಿಸೋದು ಸುಲಭವಿತ್ತು. ಅರ್ಧ ನಿಜ ಇರೋದರಿಂದಲೇ ಇದನ್ನು ಬಿಡಿಸಿ ನೋಡಬೇಕಾಗಿದೆ.

ಗುಳೆ ಹೋಗುವವರು ಯಾರು? ತಾಂಡಾದವರು, ಕೇರಿಯವರು, ಮಳೆ ನಂಬಿದ ತುಂಡು ಹೊಲದವರು. ಜಗಳೂರು ಬರದ ಸೀಮೆ, ಸರಿ. ಆದರೆ ಚನ್ನಗಿರಿಯಲ್ಲಿ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ, ಅಡಿಕೆ ತೋಟಗಳಿವೆ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಸೇವಾಲಾಲರ ಹುಟ್ಟೂರು ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲೂಕಿನಲ್ಲಿ. ಫೆಬ್ರವರಿಯ ಜಾತ್ರೆಗೆ ಹೊರರಾಜ್ಯಗಳಿಂದಲೂ ಲಂಬಾಣಿಗರು ಅಲ್ಲಿಗೆ ಬರ್ತಾರೆ. ಸುತ್ತಲಿನ ತಾಂಡಾಗಳ ಜನ ಮಾತ್ರ ಮನೆಗೆ ಬೀಗ ಜಡಿದು ಕಾಫಿ ಸೀಮೆಗೆ, ಕಬ್ಬಿನ ಸೀಮೆಗೆ ಹೊರಡ್ತಾರೆ. ನೀರಿಲ್ಲದ ತಾಲೂಕಿನಿಂದಲೂ ನೀರಿರುವ ತಾಲೂಕಿನಿಂದಲೂ ಜನ ಹೋಗುತ್ತಾರೆ ಅಂದರೆ ಪ್ರಶ್ನೆ ಬರೀ ಮಳೆಯದಲ್ಲ. ನೀರು ಯಾರ ಹೊಲಕ್ಕೆ ಹರಿಯಿತು ಅನ್ನುವುದು ಪ್ರಶ್ನೆ.

ಮೇಸ್ತ್ರಿ ಮುಂಗಡ ಕೊಡ್ತಾನೆ. ಆ ಮುಂಗಡ ತೀರುವ ತನಕ ಕೂಲಿಯವನ ದಿನ ಅವನದಲ್ಲ. ಲೈನ್ ಮನೆಯಲ್ಲೋ ಗದ್ದೆ ಬದುವಿನ ಗುಡಿಸಲಲ್ಲೋ ತಿಂಗಳುಗಟ್ಟಲೆ ವಾಸ. ಜ್ವರ ಬಂದರೂ ಆಸ್ಪತ್ರೆಗೆ ಹೋದ ದಿನದ ಕೂಲಿ ಖೋತಾ. 1979ರ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯೂ ‘ಅಂತರರಾಜ್ಯ’ ಎಂಬ ಪದವನ್ನು ಬಿಡಲಿಲ್ಲ. ಅಂದರೆ ಚನ್ನಗಿರಿಯಿಂದ ಚಿಕ್ಕಮಗಳೂರಿಗೆ ಹೋದವರು ಈ ಕಾನೂನುಗಳ ಕಣ್ಣಿಗೆ ವಲಸೆಗಾರರೇ ಅಲ್ಲ. ಕೂಲಿಯ ಲೆಕ್ಕದಲ್ಲಿ ವಲಸೆಗಾರರಲ್ಲದವರು ರೋಗದ ಲೆಕ್ಕದಲ್ಲಿ ಮಾತ್ರ ವಲಸೆಗಾರರಾದದ್ದು ಹೇಗೆ?

ಇನ್ನು ರೋಗದ ಮಾತು. ಊರು ಬಿಟ್ಟ ಮಾತ್ರಕ್ಕೆ ಯಾರಿಗೂ ಎಚ್‌ಐವಿ ಬರಲ್ಲ. ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದ, ಸೋಂಕಿನ ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುವಿಗೆ ಬರುತ್ತದೆ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಬರಲ್ಲ. ಮನೆಮಾರು ಬಿಟ್ಟ ಒಂಟಿತನ, ದಣಿವು, ಕುಡಿತ, ಮಾಹಿತಿಯ ಕೊರತೆ ಇವೆಲ್ಲ ಸೋಂಕಿಗೆ ದಾರಿ ಮಾಡಿಕೊಡುತ್ತವೆ ಎನ್ನುವುದು ನಿಜ. ಆದರೆ ಪತ್ತೆಯಾದವರೆಲ್ಲ ಹೊಸದಾಗಿ ಸೋಂಕು ತಗುಲಿದವರಲ್ಲ. ವರ್ಷಗಟ್ಟಲೆ ಲಕ್ಷಣವಿಲ್ಲದೆ ಇರಬಲ್ಲ ಸೋಂಕು ಇದು. ಪರೀಕ್ಷೆ ಹೆಚ್ಚಾದ ಕಡೆ ಸಂಖ್ಯೆಯೂ ಹೆಚ್ಚಬಹುದು. ಅದು ರೋಗ ಹಬ್ಬಿದ್ದಕ್ಕೋ, ಪರೀಕ್ಷೆ ಹಬ್ಬಿದ್ದಕ್ಕೋ ಅಂತ ಕೇಳದೆ ಒಂದು ಜನಾಂಗದತ್ತ ಬೆರಳು ತೋರಿಸುವುದು ವಿಜ್ಞಾನವಲ್ಲ.

ಏಡ್ಸ್ ನಿಯಂತ್ರಣದ ಕಡತಗಳಲ್ಲಿ ವಲಸೆ ಕೂಲಿಗಳಿಗೂ ಲಾರಿ ಚಾಲಕರಿಗೂ ‘ಸೇತುವೆ ಜನ’ ಎಂಬ ಅರ್ಥದ ಹೆಸರಿದೆ. ಸೇತುವೆಗೆ ಎರಡು ದಡ ಇರ್ತವೆ. ಒಂದು ದಡದಲ್ಲಿ ಭೂಮಿ ಕೊಡದ ಊರು, ಇನ್ನೊಂದರಲ್ಲಿ ದುಡಿಸಿಕೊಂಡ ತೋಟ. ಈ ಎರಡರ ಬಗ್ಗೆಯೂ ಮಾತಿಲ್ಲ, ನಡುವಿನವರ ಶೀಲದ ಬಗ್ಗೆ ಮಾತ್ರ ಮಾತು.

ನಮ್ಮ ಹಳ್ಳಿಗಳಿಗೆ ಇದು ಹೊಸ ಬುದ್ಧಿಯಲ್ಲ. ಸಿಡುಬು, ಕಾಲರಾ ಬಂದಾಗ ಮಾರಿಗೆ ಎಡೆಯಿಟ್ಟು ಪಕ್ಕದ ಊರಿನ ಗಡಿಗೆ ಬಿಟ್ಟು ಬರ್ತಿದ್ದರು. ಅವರು ಅದನ್ನು ಅದರಾಚೆಯ ಗಡಿಗೆ ದಾಟಿಸ್ತಿದ್ದರು. ಹೊರುವ ಕೆಲಸ ಬಹಳ ಕಡೆ ಕೇರಿಯವರದು. ಮಾರಿಯನ್ನು ಹೊತ್ತವರೇ ಕಡೆಗೆ ಮಾರಿಯಂತೆ ಕಂಡರು. ಓದಿದ ದೇಶಗಳೂ ಇದನ್ನೇ ಮಾಡಿದವು. ಗೇಟನ್ ಡುಗಾಸ್ ಎಂಬ ಕೆನಡಾದ ವಿಮಾನ ಪರಿಚಾರಕನೇ ಅಮೆರಿಕಕ್ಕೆ ಏಡ್ಸ್ ತಂದವನು ಅಂತ 1987ರಲ್ಲಿ ಜಗತ್ತಿಗೆಲ್ಲ ಸಾರಲಾಯಿತು. ಆತ 1984ರಲ್ಲೇ ಸತ್ತಿದ್ದ, ಉತ್ತರ ಹೇಳುವಂತಿರಲಿಲ್ಲ. ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿದ 2016ರ ಅಧ್ಯಯನ, ವೈರಸ್ 1970ರ ಸುಮಾರಿಗೇ ನ್ಯೂಯಾರ್ಕಿನಲ್ಲಿತ್ತು, ಈತ ಮೂಲನಲ್ಲ ಅಂತ ತೋರಿಸಿತು. ಅಷ್ಟರಲ್ಲಿ ಸುಮಾರು ಮೂವತ್ತು ವರ್ಷ ಅವನ ಹೆಸರು ಬೈಗುಳವಾಗಿತ್ತು.

ಹಾಗಾದರೆ ಏನು ಮಾಡೋಣ? ‘ತಾಲೂಕಿನ ಹೆಸರೇ ಎತ್ತಬೇಡಿ, ಹುಡುಗಿಯರಿಗೆ ಗಂಡು ಸಿಗಲ್ಲ’ ಅಂತ ನಮ್ಮ ಗೆಳೆಯರಲ್ಲೇ ಕೆಲವರು ಹೇಳ್ತಾರೆ. ಅವರ ಭಯ ಸಣ್ಣದಲ್ಲ. ಆದರೆ ಮುಚ್ಚಿಟ್ಟರೆ ಸಾಯುವವರೂ ನಮ್ಮವರೇ. 2004ರ ಏಪ್ರಿಲ್‌ನಿಂದ ದೇಶದಲ್ಲಿ ಸರ್ಕಾರ ಉಚಿತವಾಗಿ ಎಆರ್‌ಟಿ ಔಷಧಿ ಕೊಡಲು ಶುರುಮಾಡಿತು. ತಪ್ಪದೆ ಗುಳಿಗೆ ನುಂಗಿದವರು ದುಡಿದು, ಸಂಸಾರ ಮಾಡಿ, ಉಳಿದವರಂತೆಯೇ ಬಾಳಬಹುದು. ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಸೋಂಕಿತ ತಾಯಂದಿರ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಚಿಕಿತ್ಸೆ ಇದ್ದರೆ ಅದನ್ನು 5ಕ್ಕಿಂತ ಕೆಳಗೆ ಇಳಿಸಬಹುದು. ಇಷ್ಟು ತಿಳಿದ ಮೇಲೂ ಮಾನದ ಹೆಸರಿನಲ್ಲಿ ಬಾಯಿ ಮುಚ್ಚುವುದು ಯಾವ ಮಾನ?

ಆದ್ದರಿಂದ ನಾವು ಹೇಳುವುದಿಷ್ಟು: ಕಾರಣ ಹುಡುಕುವುದು ಬೇರೆ, ಅಪರಾಧಿಯನ್ನು ಹುಡುಕುವುದು ಬೇರೆ. ಗುಳೆ ಒಂದು ಕಾರಣವಾಗಿರಬಹುದು. ಗುಳೆ ಹೋದವನು ಅಪರಾಧಿಯಲ್ಲ. ಹಾಗಂತ ಅವನಿಗೆ ಹೊಣೆಯೇ ಇಲ್ಲ ಎಂದಲ್ಲ. ಸೋಂಕು ಗೊತ್ತಿದ್ದೂ ಹೆಂಡತಿಗೆ ತಿಳಿಸದ ಗಂಡ ನಮ್ಮ ಕೇರಿಯವನಾದರೂ ತಪ್ಪಿತಸ್ಥನೇ. ನಮ್ಮ ಮನೆಗಳಲ್ಲಿ ನಡೆಯುವ ಅನ್ಯಾಯವನ್ನೂ ನೋಡೋಣ. ಬಸುರಿಯಾದಾಗ ಪರೀಕ್ಷೆ ಆಗುವುದರಿಂದ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ತಿಳಿಯುವುದು ಹೆಂಗಸಿನಲ್ಲಿ. ಮೊದಲು ತಿಳಿದವಳೇ ಮೊದಲು ತಂದವಳು ಅಂತ ತೀರ್ಪಾಗುತ್ತದೆ. ಊರು ನಮಗೆ ಮಾಡಿದ್ದನ್ನು ನಾವು ಅವಳಿಗೆ ಮಾಡ್ತೀವಿ. ಹೊರಗಿನ ಅಸ್ಪೃಶ್ಯತೆಗೆ ಸಿಟ್ಟಾಗುವವರು ಒಳಮನೆಯಲ್ಲಿ ಅವಳ ತಟ್ಟೆ ಬೇರೆ ಇಟ್ಟರೆ ನಮ್ಮ ಬಂಡಾಯಕ್ಕೆ ಏನರ್ಥ?

‘ಊರಲ್ಲೇ ಬಿದ್ದಿರಿ, ರೋಗ ಬರಲ್ಲ’ ಅನ್ನುವ ಬುದ್ಧಿವಾದವೂ ಬೇಡ. ಅದು ಅಗ್ಗದ ಕೂಲಿ ಬೇಕಾದವರ ಮಾತು. ನಮ್ಮ ಹಳ್ಳಿಗಳು ಸಂಕುಚಿತತನದ, ಅಜ್ಞಾನದ ಗೂಡು ಅಂತ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಹೇಳಿದರು. ದೇಶದೊಳಗೆ ಎಲ್ಲಿಗಾದರೂ ಹೋಗುವ ಹಕ್ಕನ್ನು ಸಂವಿಧಾನ ಕೊಟ್ಟಿದೆ. ಜೀತ ಬಿಟ್ಟು ಹೊರಟವನಿಗೆ ಬಸ್ಸು ಬಿಡುಗಡೆಯೂ ಹೌದು. ಹಸಿವಿನಿಂದ ಹೊರಡುವುದನ್ನು ತಪ್ಪಿಸಬೇಕು, ಹೊರಡುವ ಹಕ್ಕನ್ನಲ್ಲ.

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಹೆಸರು ಬಯಲು ಮಾಡುವಂತಿಲ್ಲ, ಕೆಲಸ, ಶಾಲೆ, ಆಸ್ಪತ್ರೆಯಲ್ಲಿ ಭೇದ ಮಾಡುವಂತಿಲ್ಲ ಅಂತ ಅದು ಹೇಳುತ್ತದೆ. ಊರಿನ ಮೇಷ್ಟರುಗಳು, ಸಂಘಟನೆಯ ಹುಡುಗರು ಇದನ್ನು ಕೇರಿ ಕೇರಿಗೆ, ತಾಂಡಾ ತಾಂಡಾಕ್ಕೆ ಓದಿ ಹೇಳಬೇಕು. ಗುಳೆ ಹೊರಡುವ ಮುನ್ನ ಎರಡು ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೇಳಬಹುದು, ಹೋದ ಕಡೆಯ ಎಆರ್‌ಟಿ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು, 1097ಕ್ಕೆ ಪುಕ್ಕಟೆ ಫೋನು ಮಾಡಿ ವಿಚಾರಿಸಬಹುದು ಅನ್ನುವುದನ್ನೂ ತಿಳಿಸಬೇಕು. ಪರೀಕ್ಷೆಗೆ ಹೋದ ದಿನದ ಕೂಲಿ ಕಡಿಯದಂತೆ ತೋಟದವರನ್ನೂ ಮೇಸ್ತ್ರಿಗಳನ್ನೂ ಹೊಣೆ ಮಾಡಬೇಕು.

ಕಾಫಿ ಕುಡಿದವರು, ಸಕ್ಕರೆ ತಿಂದವರು ನಾಲ್ಕು ತಾಲೂಕಿನಾಚೆಗೂ ಇದ್ದಾರೆ. ಬೆವರಿನ ಫಲ ಎಲ್ಲರಿಗೆ, ರೋಗದ ಹೆಸರು ಮಾತ್ರ ಬೆವರಿದವರಿಗೆ ಅನ್ನುವ ಈ ಪಾಲನ್ನು ನಾವು ಒಪ್ಪುವುದಿಲ್ಲ.