ಗೋಏಲ್ ಎಂಬ ಇಬ್ರಿಯ ಮಾತು



ವಿಮೋಚಕನು ಎಂಬ ಮಾತು ಕೇಳಿಸದ ಆದಿತ್ಯವಾರವು ನಮ್ಮ ಸಭೆಗಳಲ್ಲಿ ವಿರಳ. ಅದನ್ನು ಹಾಡುತ್ತೇವೆ, ಪ್ರಾರ್ಥನೆಯಲ್ಲಿ ನುಡಿಯುತ್ತೇವೆ, ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಹಾಗೆ ನುಡಿಯುವಾಗ ನಮ್ಮ ಮನಸ್ಸಿಗೆ ತೋರುವವನು ಯಾರು? ಸೆರೆಮನೆಯ ಬಾಗಿಲನ್ನು ತೆರೆಯುವ ಅಧಿಕಾರಿಯೋ? ಸಾಲವನ್ನು ಬಿಟ್ಟುಕೊಡುವ ದಯಾವಂತನಾದ ಧಣಿಯೋ? ಹಳೇ ಒಡಂಬಡಿಕೆಯಲ್ಲಿ ಅನೇಕ ಕಡೆ ಈ ಮಾತಿನ ಹಿಂದೆ ಇರುವದು ಗೋಏಲ್ ಎಂಬ ಇಬ್ರಿಯ ಶಬ್ದವು. ಅದನ್ನು ಕೇಳಿದ ಇಸ್ರಾಯೇಲ್ಯನಿಗೆ ಅಧಿಕಾರಿಯೂ ತೋರಲಿಲ್ಲ, ಧಣಿಯೂ ತೋರಲಿಲ್ಲ. ಅಣ್ಣನು, ಚಿಕ್ಕಪ್ಪನು, ಚಿಕ್ಕಪ್ಪನ ಮಗನು ತೋರಿದರು.

ಯಾಜಕಕಾಂಡದ 25ನೇ ಅಧ್ಯಾಯವನ್ನು ತೆರೆದು ನೋಡಿರಿ. ಒಬ್ಬನು ಬಡತನದಿಂದ ತನ್ನ ಹೊಲವನ್ನು ಮಾರಿದರೆ ಸಮೀಪದ ಬಂಧುವು ಅದನ್ನು ಬಿಡಿಸಿಕೊಡಬೇಕಾಗಿತ್ತು. ಅವನು ತನ್ನನ್ನೇ ಪರದೇಶಸ್ಥನಿಗೆ ಮಾರಿಕೊಂಡರೆ ಬಂಧುವು ಹಣ ಕೊಟ್ಟು ಅವನನ್ನು ಬಿಡಿಸಬಹುದಾಗಿತ್ತು. ಅವನ ರಕ್ತವನ್ನು ಯಾರಾದರೂ ಸುರಿಸಿದರೆ ಅದನ್ನು ವಿಚಾರಿಸುವವನೂ ಬಂಧುವೇ. ಈ ಬಂಧುವಿನ ಹೆಸರೇ ಗೋಏಲ್. ನಮ್ಮ ಹಳ್ಳಿಗಳಲ್ಲಿ ದಾಯಾದಿ ಎಂದ ಕೂಡಲೆ ಬದುವಿನ ಜಗಳವೂ ಕಚೇರಿಯ ವ್ಯಾಜ್ಯವೂ ನೆನಪಿಗೆ ಬರುತ್ತವೆ. ಇಸ್ರಾಯೇಲಿನ ಧರ್ಮಶಾಸ್ತ್ರವಾದರೋ ಅದೇ ದಾಯಾದಿಯ ಹೆಗಲ ಮೇಲೆ ಈ ಭಾರವನ್ನು ಹೊರಿಸಿತು.

ಬಳ್ಳಾರಿಯಲ್ಲಿ 19ನೇ ಶತಮಾನದ ಆರಂಭದಲ್ಲಿ ಸತ್ಯವೇದವನ್ನು ಕನ್ನಡಕ್ಕೆ ತಂದ ಹ್ಯಾಂಡ್ಸ್ ಅಯ್ಯನವರಿಗೂ ರೀವ್ ಅಯ್ಯನವರಿಗೂ, ಅವರ ತರುವಾಯ ತಿದ್ದಿದವರಿಗೂ, ಇಷ್ಟನ್ನೆಲ್ಲಾ ಹೊರುವ ಒಂದೇ ಕನ್ನಡ ಮಾತು ಎಲ್ಲಿ ಸಿಕ್ಕೀತು? ಆದದರಿಂದ ಒಂದು ಕಡೆ ಬಂಧು ಎಂತಲೂ ಇನ್ನೊಂದು ಕಡೆ ಬಿಡಿಸುವವನು ಎಂತಲೂ ಓದುತ್ತೇವೆ. ಇದು ಭಾಷಾಂತರದ ದೋಷವಲ್ಲ. ಆದರೂ ಎರಡೂ ಒಂದೇ ಶಬ್ದವೆಂದು ತಿಳಿಯದವನಿಗೆ ರೂತಳ ಕಥೆಯಿಂದ ಯೆಶಾಯನ ಪ್ರವಾದನೆಗೆ ಹೋಗುವ ದಾರಿಯು ಕಾಣದೆ ಹೋಗುತ್ತದೆ.

ರೂತಳ ಕಥೆಯನ್ನು ಬಲ್ಲಿರಷ್ಟೆ. ಬೋವಜನು ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂಡ್ರಿಸಿ ತನಗಿಂತ ಸಮೀಪನಾದ ಬಂಧುವನ್ನು ಕೇಳುತ್ತಾನೆ. ನಮ್ಮ ಚಾವಡಿಯ ಪಂಚಾಯತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಲವೆಂದಾಗ ಆ ಬಂಧುವು ಒಪ್ಪಿದನು. ಮೋವಾಬಿನ ವಿಧವೆಯೂ ಜೊತೆಗಿದ್ದಾಳೆಂದಾಗ ತನ್ನ ಸ್ವಾಸ್ತ್ಯಕ್ಕೆ ನಷ್ಟವಾದೀತೆಂದು ಹಿಂದೆಗೆದನು. ಇಬ್ರಿಯ ಗ್ರಂಥವು ಅವನನ್ನು ಪೆಲೋನಿ ಅಲ್ಮೋನಿ ಎನ್ನುತ್ತದೆ. ಅಂದರೆ ಇಂಥವನೇ, ಅಂಥವನೇ ಎಂದಷ್ಟೇ. ಸ್ವಾಸ್ತ್ಯವನ್ನು ಕಾಪಾಡಿಕೊಂಡವನಿಗೆ ಗ್ರಂಥದಲ್ಲಿ ಹೆಸರಿಲ್ಲ.

ಬಿಡಿಸುವದು ಎಷ್ಟು ಕಷ್ಟದ್ದೆಂಬದನ್ನು ಯೆರೆಮೀಯನು ಬಲ್ಲನು. ಬಾಬೆಲಿನ ದಂಡು ಯೆರೂಸಲೇಮನ್ನು ಮುತ್ತಿರುವಾಗ, ತಾನೇ ಕಾವಲಿನ ಅಂಗಳದಲ್ಲಿ ಸೆರೆಯಾಗಿರುವಾಗ, ಚಿಕ್ಕಪ್ಪನ ಮಗನಾದ ಹನಮೇಲನು ಬಂದು ಅನಾತೋತಿನ ಹೊಲವನ್ನು ಕೊಂಡುಕೊಳ್ಳೆಂದನು. ವೈರಿಯ ಕೈಗೆ ಹೋಗಲಿದ್ದ ಹೊಲಕ್ಕೆ ಪ್ರವಾದಿಯು 17 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟನು, ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಇಡಿಸಿದನು. ಲೋಕದ ಲೆಕ್ಕದಲ್ಲಿ ಇದು ಹುಚ್ಚು ವ್ಯಾಪಾರವೇ ಸರಿ.

ಈಗ ಯೆಶಾಯನ ಗ್ರಂಥದ ಕಡೇ ಭಾಗಕ್ಕೆ ಬನ್ನಿರಿ. ಹೊಲಮನೆಗಳನ್ನು ಕಳೆದುಕೊಂಡು ಪರರಿಗೆ ಮಾರಲ್ಪಟ್ಟವರಂತಿದ್ದ ಜನರಿಗೆ ದೇವರು ಹತ್ತಕ್ಕಿಂತಲೂ ಹೆಚ್ಚು ಸಾರಿ ತನ್ನನ್ನು ಗೋಏಲ್ ಎಂದು ಕರೆದುಕೊಳ್ಳುತ್ತಾನೆ. ಪರಲೋಕದ ಒಡೆಯನು ದಾಯಾದಿಯ ಋಣವನ್ನು ತಾನಾಗಿ ಹೊತ್ತುಕೊಂಡನು! ನಮ್ಮ ಕರ್ತನು ರಕ್ತಮಾಂಸಗಳಲ್ಲಿ ಪಾಲುಗಾರನಾಗಿ ನಮ್ಮನ್ನು ಸಹೋದರರೆನ್ನಲು ನಾಚಿಕೆಪಡಲಿಲ್ಲವೆಂದು ಇಬ್ರಿಯರಿಗೆ ಬರೆದ ಪತ್ರಿಕೆಯು ಹೇಳುವದರ ಆಳವೂ ಇಲ್ಲೇ ತಿಳಿಯುವದು. ಬಿಡಿಸುವ ಹಕ್ಕು ಬಂಧುವಿನದು; ಆದದರಿಂದ ಆತನು ಮೊದಲು ಬಂಧುವಾದನು.

ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ದೀಕ್ಷಾಸ್ನಾನ ಹೊಂದಿದ ದಿನವೇ ತಂದೆಯ ಮನೆಯ ಹೊಸ್ತಿಲು ಮುಚ್ಚಿತು. ಬಾವಿಯ ನೀರು ತಪ್ಪಿತು, ಮದುವೆಯ ಚಪ್ಪರಕ್ಕೆ ಕರೆ ತಪ್ಪಿತು. ಮತಾಂತರದಿಂದ ಆಸ್ತಿಯ ಹಕ್ಕು ಹೋಗದೆಂದು ಕಂಪೆನಿ ಸರಕಾರವು 1850ರಲ್ಲಿ ಕಾನೂನು ಮಾಡಿತು, ನಿಜ. ಆದರೆ ಚಿಕ್ಕಪ್ಪನನ್ನು ತಿರುಗಿ ಕೊಡುವ ಕಾನೂನು ಎಲ್ಲಿದೆ? ಅಂಥವರ ಮನೆಯಲ್ಲಿ ಗೋಏಲ್ ಎಂಬದು ಪಂಡಿತರ ಮಾತಲ್ಲ.

ಹಾಗಾದರೆ ನೇಗಿಲು ಹಿಡಿದವನೂ ಇಬ್ರಿಯ ಕಲಿಯಬೇಕೋ ಎಂದು ಕೇಳುವಿರಿ. ಕಲಿಯದವನಿಗೆ ರಕ್ಷಣೆಯಿಲ್ಲವೆಂದು ಯಾವನೂ ಹೇಳದಿರಲಿ. ಎರಡು ಇಬ್ರಿಯ ಶಬ್ದಗಳನ್ನು ಕಲಿತು ಪ್ರಸಂಗಪೀಠದಲ್ಲಿ ಮೆರೆಯುವವರನ್ನು ಕಂಡಿದ್ದೇವೆ, ಅದು ಜಳ್ಳು. ಆದರೆ ಉಪದೇಶಿಗಳೂ ಶಾಲೆಯಲ್ಲಿ ಓದಿದ ಯೌವನಸ್ಥರೂ ಬಲದಿಂದ ಎಡಕ್ಕೆ ಬರೆಯುವ ಆ 22 ಅಕ್ಷರಗಳಿಗೆ ಯಾಕೆ ಅಂಜಬೇಕು? ಮಿಕ್ಕವರು ಆ ಜನರ ಪದ್ಧತಿಗಳನ್ನಾದರೂ ಕೇಳಿ ತಿಳಿಯಲಿ. ಕೆರವನ್ನು ಕಳಚಿಕೊಟ್ಟು ವ್ಯವಹಾರವನ್ನು ಸ್ಥಿರಪಡಿಸುವದು ಪೂರ್ವಕಾಲದ ಪದ್ಧತಿಯೆಂದು ರೂತಳ ಗ್ರಂಥಕರ್ತನೇ ತನ್ನ ಓದುಗರಿಗೆ ವಿವರಿಸುತ್ತಾನೆ. ಇಬ್ರಿಯರಿಗೇ ಅದು ಬೇಕಾಗಿದ್ದರೆ ನಮಗೆ ಬೇಡವೇ?

ಆ ಗ್ರಂಥದಲ್ಲಿ ನಾಲ್ಕೇ ಅಧ್ಯಾಯಗಳು, 85 ವಚನಗಳು; ಸಂಜೆಯ ಕೂಟದಲ್ಲಿ ಒಂದೇ ಸಾರಿ ಓದಿ ಮುಗಿಸಬಹುದು. ಕಡೇ ಅಧ್ಯಾಯದಲ್ಲಿ ಬೇತ್ಲೆಹೇಮಿನ ಹೆಂಗಸರ ಮಾತನ್ನು ನಿಧಾನವಾಗಿ ಓದಿರಿ. ಅಲ್ಲಿ ಅವರು ನೊವೊಮಿಗೆ ಗೋಏಲ್ ಎಂದು ತೋರಿಸುವದು ಹೊಲವನ್ನು ಬಿಡಿಸಿದ ಬೋವಜನನ್ನಲ್ಲ, ಅವಳ ಮಡಿಲಿಗೆ ಬಂದ ಹಸುಗೂಸಾದ ಓಬೇದನನ್ನು.