ಪ್ರತಿನಿಧಿಯೂ ಯಜಮಾನನೂ

ಒಬ್ಬನ ಕೈಯಿಂದ ನಡೆದ ಕರ್ಮವು ಮತ್ತೊಬ್ಬನದೆನಿಸಿಕೊಳ್ಳುವುದು ಯಾವ ಆಧಾರದ ಮೇಲೆ, ಹಾಗೆನಿಸಿಕೊಂಡಾಗ ಅದರ ಫಲವೂ ಹೊಣೆಯೂ ಯಾರನ್ನು ಸೇರತಕ್ಕವು ಎಂಬ ಪ್ರಶ್ನೆಯನ್ನು ನಮ್ಮ ಮೀಮಾಂಸಕರು ಯಜ್ಞಪ್ರಸಂಗದಲ್ಲಿ ಎತ್ತಿಕೊಂಡು ಸೂಕ್ಷ್ಮವಾಗಿ ಪರಾಮರ್ಶಿಸಿದರು. ಪರದೇಶದಲ್ಲಿರುವ ಮನೆಯನ್ನು ಅಲ್ಲಿ ನೆಲೆಸಿದ ಮಗಳ ಮೂಲಕ ಮಾರಿಸುವುದಕ್ಕಾಗಿ ಮೈಸೂರಿನಲ್ಲಿ ಕುಳಿತು ಮುಖ್ತ್ಯಾರನಾಮೆಗೆ ರುಜು ಹಾಕುವ ವೃದ್ಧರ ಎದುರಿಗೂ ಇಂದು ಅದೇ ಪ್ರಶ್ನೆ ನಿಂತಿದೆ.

ಜೈಮಿನಿ ಮಹರ್ಷಿಗಳ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ ವಿಚಾರ ಬಂದಿದೆ. ವಿಹಿತವಾದ ವ್ರೀಹಿ, ಎಂದರೆ ಭತ್ತ, ದೊರೆಯದಿದ್ದಲ್ಲಿ ನೀವಾರವೆಂಬ ಕಾಡುಭತ್ತದಿಂದ ಯಾಗವನ್ನು ಪೂರೈಸಬಹುದು. ಆದರೆ ದೇವತೆಗೆ, ಅಗ್ನಿಗೆ, ಮಂತ್ರಕ್ಕೆ ಪ್ರತಿನಿಧಿಯಿಲ್ಲ. ಹಲವರು ಕೂಡಿ ನಡೆಸುವ ಸತ್ರವೊಂದನ್ನುಳಿದು ಯಜಮಾನನಿಗೂ ಇಲ್ಲ. ಆಹುತಿಯನ್ನು ಅರ್ಪಿಸುವವರು ದಕ್ಷಿಣೆ ಪಡೆದ ಋತ್ವಿಜರಾದರೂ, ಸಂಕಲ್ಪವೂ ದ್ರವ್ಯತ್ಯಾಗವೂ ಯಜಮಾನನವಾದುದರಿಂದ ಫಲವು ಅವನಿಗೇ ಸಲ್ಲುತ್ತದೆ.

ಮುಖ್ತ್ಯಾರನಾಮೆಯಲ್ಲಿ ಪ್ರಕಟವಾಗುವ ಇಂಥ ಸಂಕಲ್ಪಕ್ಕೆ ಸಮುದ್ರದಾಚೆ ಪ್ರಾಮಾಣ್ಯ ದೊರೆಯಬೇಕಾದರೆ, ನೋಟರಿಯ ಸಮಕ್ಷಮದಲ್ಲಿ ರುಜುವಾದ ಪತ್ರವು ರಾಜ್ಯಾಧಿಕಾರಿಯ ದೃಢೀಕರಣವನ್ನು ಪಡೆದು, ತರುವಾಯ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆಯನ್ನು ಹೊಂದಬೇಕು. ಈ ಮುದ್ರೆಗೆ ಆಧಾರವಾದ 1961ರ ಹೇಗ್ ಒಪ್ಪಂದವು ಭಾರತದ ಮಟ್ಟಿಗೆ 2005ರಲ್ಲಿ ಜಾರಿಗೆ ಬಂದಿತು. ಆ ಒಪ್ಪಂದವು ನಮ್ಮೊಡನೆ ಜಾರಿಯಲ್ಲಿಲ್ಲದ ರಾಷ್ಟ್ರಗಳಿಗಾದರೆ ಅಪೊಸ್ಟಿಲ್ ಬದಲಿಗೆ ಸಚಿವಾಲಯದ ಸಾಮಾನ್ಯ ದೃಢೀಕರಣವೂ ಅವುಗಳ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗುತ್ತವೆ. ಇಷ್ಟಾದರೂ ಅಪೊಸ್ಟಿಲ್ ಹೇಳುವುದು ರುಜು ಯಾವ ಅಧಿಕಾರಿಯದು, ಅವನ ಪದವಿಯೇನು, ಮುದ್ರೆ ನಿಜವೇ ಎಂಬಷ್ಟನ್ನೇ. ಪತ್ರದೊಳಗಣ ಮಾತಿಗೆ ಅದು ಹೊಣೆಯಾಗದು. ಬರೆದುದನ್ನು ಅರಿತು ಒಪ್ಪಿದೆನೇ ಎಂಬುದಕ್ಕೆ ಉತ್ತರವಾದಿಯು ಪತ್ರವನ್ನು ಕೊಟ್ಟವನೇ.

ಪ್ರಾತಿನಿಧ್ಯದ ಮೇರೆಯನ್ನು ನ್ಯಾಯಶಾಸನವೂ ಬಲ್ಲದು. ಮುಖ್ತ್ಯಾರನು ತನಗೆ ಅಧಿಕಾರ ಕೊಟ್ಟ ಯಜಮಾನನ ಪರವಾಗಿ ಕಾರ್ಯವನ್ನು ನಡೆಸಬಲ್ಲನೇ ಹೊರತು, ಯಜಮಾನನು ತಾನೇ ಕಂಡರಿತ ಸಂಗತಿಗೆ ಅವನ ಸ್ಥಾನದಲ್ಲಿ ನಿಂತು ಸಾಕ್ಷಿ ನುಡಿಯಲಾರನೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿದೆ. ಕರ್ತೃತ್ವವನ್ನು ಇನ್ನೊಬ್ಬನಿಗೆ ವಹಿಸಬಹುದು, ಸಾಕ್ಷಿತ್ವವನ್ನು ವಹಿಸಲಾಗದು ಎಂಬ ಈ ವಿವೇಕವು, ಮಾಡುವವನನ್ನೂ ಅರಿಯುವವನನ್ನೂ ಬೇರೆ ಬೇರೆಯಾಗಿ ಕಾಣಿಸಿದ ವೇದಾಂತಕ್ಕೆ ಸಮ್ಮತವಾದುದೇ. 1872ರ ಕರಾರು ಕಾಯಿದೆಯ ಸಾಮಾನ್ಯ ನಿಯಮದಂತೆ, ಯಜಮಾನನು ಮೃತನಾದಾಗ ಅಥವಾ ಬುದ್ಧಿಸ್ವಾಸ್ಥ್ಯವನ್ನು ಕಳೆದುಕೊಂಡಾಗ ಪ್ರತಿನಿಧಿಯ ಅಧಿಕಾರವೂ ಅಳಿಯುವುದು. ಸಂಕಲ್ಪಿಸುವ ಚೇತನವಿಲ್ಲದೆ ಸಂಕಲ್ಪವು ನಿಲ್ಲಲಾರದು.

ಆದುದರಿಂದ ಇಂಥ ಪತ್ರವನ್ನು ಬರೆಸುವವರು, ಅದು ಬಳಕೆಯಾಗುವ ದೇಶದ ವಿಧಿಯನ್ನು ಮೊದಲೇ ವಿಚಾರಿಸಿಕೊಂಡು, ವಹಿಸುವ ಕಾರ್ಯವನ್ನೂ ಅವಧಿಯನ್ನೂ ಸ್ಪಷ್ಟವಾಗಿ ನಮೂದಿಸಿ, ತಾವರಿತ ಭಾಷೆಯಲ್ಲಿ ಆದ್ಯಂತವಾಗಿ ಓದಿಸಿಕೊಂಡ ಮೇಲೆಯೇ ರುಜು ಹಾಕಲಿ. ಯಾರ ಕೃತ್ಯವನ್ನು ತನ್ನದೇ ಕೃತ್ಯವೆಂದು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುವುದೋ ಅವರಿಗೆ ಅಧಿಕಾರವನ್ನು ಕೊಡುವುದು ಧರ್ಮವಲ್ಲ.